ದೊಡ್ಡವು, ಚಿಕ್ಕವು

ಮುನಿರತ್ನಮ್ಮ ಬೆನ್ನು ತೋರಿಸಿ ನಿಂತಿದ್ದಳು. ಹಸಿರು ಸೀರೆ, ತುರುಬಿನ ಸುತ್ತ ಕನಕಾಂಬರ, ಕೈಯಲ್ಲಿ ಆರತಿ ತಟ್ಟೆ. ಇನ್ನೇನು ತಿರುಗಬೇಕು, ಅಷ್ಟರಲ್ಲಿ ಟಿವಿಯ ನಡುಮಧ್ಯೆ ಬಿಳೀ ಚಕ್ರವೊಂದು ಹುಟ್ಟಿಕೊಂಡು ಅವಳ ಬೆನ್ನಿನ ಮೇಲೆಯೇ ಸುತ್ತತೊಡಗಿತು.

"ತಿರುಗ್ತಾಳೆ, ತಾಳು," ಅಂದ ಚಿಕ್ಕಬೀರಪ್ಪ.

ತಿರುಗಿದ್ದು ಚಕ್ರ ಮಾತ್ರ. ಮಗ ದೇವೇಂದ್ರ ರಿಮೋಟ್ ಒತ್ತಿದ, ಹಿಂದಕ್ಕೆ ಹೋದ, ಮತ್ತೆ ಹಾಕಿದ. ಅದೇ ಸೀರೆ, ಅದೇ ಕನಕಾಂಬರ, ಅದೇ ಜಾಗದಲ್ಲಿ ಚಕ್ರ.

ಚಿಕ್ಕಬೀರಪ್ಪನ ಹೆಂಡತಿ ಮುನಿರತ್ನಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಟಿವಿಯಲ್ಲಿದ್ದದ್ದು ಅವಳ ಭಾವ ದೊಡ್ಡಬೀರಪ್ಪನ ಮಗಳ ಮದುವೆ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಬರುತ್ತದಂತೆ ಎಂದು ಜನ ಇನ್ನೂ ಬರೀ ಮಾತಾಡುತ್ತಿದ್ದ ಕಾಲದ್ದು. ಸ್ವಂತ ಮನೆಯ ಯಾವ ವಿಡಿಯೋದಲ್ಲೂ ಅವಳು ನೆಟ್ಟಗೆ ಕಾಣುವುದಿಲ್ಲ. ಮೊಮ್ಮಗಳ ನಾಮಕರಣದಲ್ಲಿ ಒಲೆಯ ಮುಂದಿದ್ದಳು, ಗೃಹಪ್ರವೇಶದಲ್ಲಿ ಎಲೆ ಹಾಕಿಸುತ್ತಿದ್ದಳು. ಮಗನ ಧಾರೆಯ ಹೊತ್ತಿನಲ್ಲಿ ಸೆರಗು ಮುಂದಕ್ಕೆಳೆದು ತಲೆ ತಗ್ಗಿಸಿದ್ದವಳ ನೆತ್ತಿಯಷ್ಟೇ ಸಿಕ್ಕಿದೆ. ಭಾವನ ಮನೆಯ ಮದುವೆಯಲ್ಲಿ ಮಾತ್ರ ಕೆಲಸಕ್ಕೆ ಬೇರೆ ಜನರಿದ್ದರು. ಅವತ್ತೊಂದು ದಿನ ಅವಳು ಕೈಬೀಸಿಕೊಂಡು ಓಡಾಡಿದ್ದಳು. ಹಿಂದೆ ಹಿಂದೆಯೇ ಬಂದ ಕ್ಯಾಮೆರಾದವನ ಕಡೆ ತಿರುಗಿ, ಅವನಿಗೇನೋ ಬೈದು, ಬೈದ ಬಾಯಲ್ಲೇ ನಕ್ಕಿದ್ದಳು.

ಚಿಕ್ಕಬೀರಪ್ಪನಿಗೆ ಅದನ್ನು ನೋಡಬೇಕಿತ್ತು, ಬೇಗ ನೋಡಬೇಕಿತ್ತು. ಅವನ ಕಣ್ಣಿನ ನರ ಒಣಗುತ್ತಾ ಬಂದಿತ್ತು. ಹೋದ ನೋಟ ಮತ್ತೆ ಬರುವುದಿಲ್ಲ, ಇರುವುದೂ ಬಹಳ ಕಾಲ ನಿಲ್ಲುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿ ಕಳಿಸಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಊದುಗೊಳವೆಯ ತೂತಿನಲ್ಲಿ ನೋಡಿದಷ್ಟು ಕಾಣುತ್ತಿತ್ತು, ಅದೂ ಮಂಜು ಮಂಜಾಗಿ. ಹಾಗಾಗಿ ಮೊಬೈಲಿನ, ಕಂಪ್ಯೂಟರಿನ ಸಣ್ಣ ಚಿತ್ರ ಅವನಿಗೆ ಪ್ರಯೋಜನವಿಲ್ಲ. ದೊಡ್ಡ ಟಿವಿಯ ಮುಂದೆ ಮೊಣಕಾಲು ತಾಗುವಷ್ಟು ಹತ್ತಿರ ಸ್ಟೂಲು ಹಾಕಿಕೊಂಡು ಕೂತರೆ ಒಂದು ಮುಖ ಪೂರ್ತಿ ಸಿಗುತ್ತಿತ್ತು.

ದೇವೇಂದ್ರ ಏರ್‌ಪೋರ್ಟಿನಲ್ಲಿ ಲಗೇಜು ಸಾಗಿಸುವ ಬೆಲ್ಟುಗಳ ರಿಪೇರಿ ಕೆಲಸದವನು. ದೊಡ್ಡಬೆಳವಂಗಲದ ಮನೆಯಲ್ಲಿ, ಮೆಟ್ಟಿಲ ಕೆಳಗೆ ರಾಗಿ ಮೂಟೆಗಳ ಪಕ್ಕ, ಹಳೆಯ ಕಂಪ್ಯೂಟರೊಂದನ್ನು ಇಟ್ಟು ಅದನ್ನು ಮನೆಯ ವಿಡಿಯೋಗಳ ಉಗ್ರಾಣ ಮಾಡಿದ್ದ. ಕ್ಯಾಸೆಟ್ಟುಗಳನ್ನೆಲ್ಲ ತಾನೇ ಕೂತು ಅದಕ್ಕೆ ಇಳಿಸಿದ್ದ. ಅಲ್ಲಿಂದ ವೈಫೈ ಮೂಲಕ ಯಾವ ಕೋಣೆಯಲ್ಲಾದರೂ ನೋಡಬಹುದು ಎಂಬುದು ಅವನ ಹೆಮ್ಮೆ.

ಕೆಟ್ಟದ್ದನ್ನು ರಿಪೇರಿ ಮಾಡುವವನು ಮೊದಲು ತಂತಿಯನ್ನು ಅನುಮಾನಿಸುತ್ತಾನೆ, ಕಟ್ಟಕಡೆಗೆ ತನ್ನನ್ನು. ದೇವೇಂದ್ರನೂ ಮೊದಲು ವೈಫೈ ಬೇಡವೆಂದು ಟಿವಿಯವರೆಗೆ ಕೇಬಲ್ ಎಳೆದ. ಚಕ್ರ ನಿಲ್ಲಲಿಲ್ಲ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದ. ಇಂಥ ಫೈಲು ನನಗೆ ಗೊತ್ತಿಲ್ಲ ಅಂದಿತು ಟಿವಿ. ಕಂಪ್ಯೂಟರನ್ನೇ ಹೊತ್ತು ತಂದು ಟಿವಿಗೆ ಜೋಡಿಸಲು ಹೋದರೆ ಇದರ ಹಿಂದಿನ ತೂತು ಅದಕ್ಕೆ ಹೊಂದಲಿಲ್ಲ. ದೊಡ್ಡಬಳ್ಳಾಪುರದಿಂದ ತಂದ ಅಡಾಪ್ಟರಿನಲ್ಲಿ ಬರೀ ಕಪ್ಪು ಬಂತು. ಕೊನೆಗೆ ವಿಡಿಯೋ ಹಾಕಿಬಿಟ್ಟು ಮೆಟ್ಟಿಲ ಕೆಳಗೆ ಹೋಗಿ ಕೂತ. ಒಳಗಿನ ಫ್ಯಾನು ಕಿರುಚುತ್ತಿತ್ತು, ಪೆಟ್ಟಿಗೆ ಕೈಯಿಡಲಾಗದಷ್ಟು ಕಾದಿತ್ತು. ಆಗ ಅವನಿಗೆ ತಿಳಿಯಿತು.

"ಏನಂತಪ್ಪಾ ಅದರ ಕಾಯ್ಲೆ?" ಎಂದು ಕೇಳಿದ ಚಿಕ್ಕಬೀರಪ್ಪ.

"ಹಳೇ ಕ್ಯಾಸೆಟ್ಟಿಂದು ಭಾರೀ ದೊಡ್ಡ ಫೈಲು ಕಣಪ್ಪ. ಟಿವಿಗೆ ಅದು ಹಂಗೇ ಅರ್ಥ ಆಗಲ್ಲ. ಈ ಕಂಪ್ಯೂಟ್ರು ಐತಲ್ಲ, ಇವ್ನು ಟಿವಿ ಕೇಳ್ದಂಗೆಲ್ಲ ಅದನ್ನ ಬೇರೆ ನಮೂನೆಗೆ ಬದಲಾಯಿಸಿ ಕೊಡ್ಬೇಕು. ವಯಸ್ಸಾಗೈತೆ ಇವ್ನಿಗೆ. ಬದಲಾಯಿಸೋದ್ರೊಳಗೆ ಟಿವಿ ಮುಂದಿಂದು ಕೇಳ್ಬಿಡ್ತದೆ."

"ಅಂದ್ರೆ, ಒಲೆ ಮೇಲೆ ಎಸರಿಟ್ಟು ಆಮೇಲೆ ರಾಗಿ ಬೀಸಕ್ಕೆ ಕೂತಂಗಾಯ್ತು."

"ಅದೇಯ!"

"ಮೊದ್ಲೇ ಬೀಸಿ ಇಟ್ಕೊಳ್ಳೋ ಮತ್ತೆ, ದಡ್ಡ ಮುಂಡೇದೇ. ಏರೋಪ್ಲೇನು ರಿಪೇರಿ ಮಾಡ್ತಾನಂತೆ ಇವ್ನು."

"ಬೆಲ್ಟು ಕಣಪ್ಪ."

"ಎಲ್ಲಾ ಒಂದೇಯ."

ಮುದುಕ ಹೇಳಿದ್ದೇ ಸರಿಯಾದ ದಾರಿ. ದೊಡ್ಡ ಫೈಲುಗಳನ್ನೆಲ್ಲ ಮೊದಲೇ ಚಿಕ್ಕದಾಗಿ ಬದಲಾಯಿಸಿ 'ಟಿವಿ' ಎಂಬ ಹೊಸ ಫೋಲ್ಡರಿನಲ್ಲಿ ತುಂಬಿಟ್ಟರೆ ಚಕ್ರದ ಕಾಟವಿಲ್ಲ. ಚೆನ್ನಾಗಿ ಬರುತ್ತದೋ ಇಲ್ಲವೋ ನೋಡೋಣವೆಂದು ದೇವೇಂದ್ರ ಮೊದಲು ನಾಮಕರಣವನ್ನೂ ಗೃಹಪ್ರವೇಶವನ್ನೂ ಬದಲಾಯಿಸಿದ. ಟಿವಿಯಲ್ಲಿ ಎರಡೂ ನೀರು ಹರಿದಂತೆ ಓಡಿದವು. ಮರುದಿನ ಬೆಳಿಗ್ಗೆ ಮದುವೆಯ ಫೈಲನ್ನು ಹಚ್ಚಿ, ಅದರ ಹಿಂದೆ ಉಳಿದವನ್ನೂ ಸಾಲಿಗೆ ನಿಲ್ಲಿಸಿ, ಕಂಪನಿಯ ಬಸ್ಸು ಹತ್ತಿದ.

"ಸಂಜೆಗೆ ನೋಡ್ಬೋದಾ?" ಎಂದು ಜಗಲಿಯಿಂದ ಕೇಳಿದ ಚಿಕ್ಕಬೀರಪ್ಪ.

"ನೋಡ್ಬೋದು, ಬರ್ತೀನಿ."

ಈ ಮನೆಯ ಒಂದು ಮಾತಿನ ಚಾಳಿಯನ್ನು ಇಲ್ಲಿ ಹೇಳಿಬಿಡಬೇಕು. ಉಗ್ರಾಣದಲ್ಲಿ ಎರಡು ಹಳೆಯ ಫೋಲ್ಡರುಗಳಿದ್ದವು. ಒಂದರ ಹೆಸರು 'ದೊಡ್ಡ', ಇನ್ನೊಂದರದು 'ಚಿಕ್ಕ'. ದೊಡ್ಡಬೀರಪ್ಪನ ಮನೆಯವು ಒಂದರಲ್ಲಿ, ಚಿಕ್ಕಬೀರಪ್ಪನ ಮನೆಯವು ಇನ್ನೊಂದರಲ್ಲಿ. ರಸ್ತೆಗೆ ಜಮೀನು ಹೋದಾಗ ಹೋದದ್ದು ಯಾರ ಪಾಲು ಎಂಬ ಮಾತಿಗೆ ಅಣ್ಣತಮ್ಮಂದಿರು ಮುಖ ತಿರುಗಿಸಿದ್ದರು. ಅಂದಿನಿಂದ ಚಿಕ್ಕಬೀರಪ್ಪನ ಬಾಯಲ್ಲಿ ಅಣ್ಣ ಎಂಬ ಮಾತು ಬರಲಿಲ್ಲ. "ದೊಡ್ಡೋರು" ಅನ್ನುತ್ತಿದ್ದ, ಮೂಗಿನಲ್ಲಿ. ಅಣ್ಣ ಸತ್ತಾಗ ಹೋಗಿ ಮಣ್ಣು ಹಾಕಿ ಬಂದ. ಮಾತು ಮಾತ್ರ ಹಾಗೆಯೇ ಉಳಿಯಿತು. ಮದುವೆಯಾಗಿ ಬಂದ ಸೊಸೆಯೂ ಅದನ್ನೇ ಕಲಿತಳು. ದೊಡ್ಡೋರ ಬಾವಿ, ದೊಡ್ಡೋರ ಹುಣಸೇಮರ.

ಸೊಸೆ ಶಾಮಲಾ ತಿಳಿಯದವಳಲ್ಲ. ಪಂಚಾಯಿತಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಅವಳದು. ಅವತ್ತು ಎರಡನೇ ಶನಿವಾರ, ಮನೆಯಲ್ಲಿದ್ದಳು. ಮಧ್ಯಾಹ್ನ ಮೆಟ್ಟಿಲ ಕೆಳಗೆ ಫ್ಯಾನಿನ ಸದ್ದು ನಿಂತದ್ದು ಕೇಳಿ ಹೋಗಿ ನೋಡಿದರೆ, ಡಿಸ್ಕಿನಲ್ಲಿ ಜಾಗ ಮುಗಿಯಿತು ಎಂದು ಕೆಂಪಕ್ಷರ ಬಂದಿತ್ತು. ಗಂಡನಿಗೆ ಫೋನ್ ಮಾಡಿದಳು.

ದೇವೇಂದ್ರ ಆಗ ನಿಂತುಹೋದ ಬೆಲ್ಟಿನ ಕೆಳಗೆ ಮಲಗಿದ್ದ. ಪಕ್ಕದ ಬೆಲ್ಟು ಗಡಗಡ ಓಡುತ್ತಿತ್ತು.

"ಜಾಗ ಇಲ್ಲ ಅಂತದೆ ರೀ. ನಿಂತೋಗೈತೆ."

"ಆಗಿರೋವು ಅವೆಯಲ್ಲ, ಅದ್ರಲ್ಲಿ ದೊಡ್ಡವೆಲ್ಲ ಅಳ್ಸಾಕು. ಚಿಕ್ಕವು ಇರ್ಲಿ."

"ಏನು? ದೊಡ್ಡೋರ್ವಾ?"

"ಹೂಂ, ದೊಡ್ಡವು, ದೊಡ್ಡವು!"

"ಎಲ್ಲಾನೂವಾ?"

"ಎಲ್ಲಾನೂ. ಕಸದ ಬುಟ್ಟೀನೂ ಖಾಲಿ ಮಾಡು, ಇಲ್ದಿದ್ರೆ ಜಾಗ ಬರಲ್ಲ. ಆಮೇಲೆ ಮುಂದಿಂದು ಶುರು ಮಾಡ್ಬಿಡು. ಇಡ್ತೀನಿ, ಸೂಪರ್‌ವೈಸರ್ ಬಂದ."

ಅವನು ಹೇಳಿದ್ದು ಬದಲಾಯಿಸಿ ಮುಗಿದ ನಾಮಕರಣ, ಗೃಹಪ್ರವೇಶಗಳ ದೊಡ್ಡ ಫೈಲು. ಅವಳಿಗೆ ಕೇಳಿದ್ದು ದೊಡ್ಡೋರ ಫೈಲು. ಆದರೂ ಅವಳು ತಟಕ್ಕನೆ ಅಳಿಸಲಿಲ್ಲ. ಅತ್ತೆ ಇರುವುದು ಆ ಮದುವೆಯಲ್ಲೇ ಎಂಬುದು ನೆನಪಿತ್ತು. 'ಟಿವಿ' ಫೋಲ್ಡರು ತೆರೆದು ನೋಡಿದಳು. ಮದುವೆಯ ಹೆಸರಿನ ಚಿಕ್ಕ ಫೈಲು ಅಲ್ಲಿತ್ತು. ಒತ್ತಿದಳು, ವಾದ್ಯದವರು ಬಂದರು, ಚಪ್ಪರ ಬಂತು. ಸರಿ, ಅತ್ತೆಯದು ಬಂದಾಯಿತು ಅಂದುಕೊಂಡಳು. ಜಾಗ ಮುಗಿದು ನಿಂತದ್ದು ಅದೇ ಫೈಲಿನ ನಡುವೆ ಎಂದು ಅವಳಿಗೆ ಹೊಳೆಯಲಿಲ್ಲ. 'ದೊಡ್ಡ' ಫೋಲ್ಡರನ್ನು ಅಳಿಸಿದಳು, ಕಸದ ಬುಟ್ಟಿ ಖಾಲಿ ಮಾಡಿದಳು, ಮುಂದಿನದನ್ನು ಶುರು ಮಾಡಿ ಅಡುಗೆಮನೆಗೆ ಹೋದಳು. ಫ್ಯಾನು ಮತ್ತೆ ಕಿರುಚತೊಡಗಿತು. ಖಾಲಿಯಾದ ಜಾಗದ ಮೇಲೆ ಬೇರೆ ವಿಡಿಯೋಗಳು ಬಂದು ಕೂರತೊಡಗಿದವು.

ಸಂಜೆ ದೇವೇಂದ್ರ ಬಂದವನೇ, ಬೂಟು ಕೂಡ ಬಿಚ್ಚದೆ ಮೆಟ್ಟಿಲ ಕೆಳಗೆ ಬಗ್ಗಿದ.

"'ದೊಡ್ಡ' ಎಲ್ಲಿ?"

"ಅಳ್ಸಿದ್ನಲ್ಲ. ನೀವೇ ಅಂದ್ರಲ್ಲ, ದೊಡ್ಡೋರ್ವು ಅಳ್ಸು ಅಂತ."

ದೇವೇಂದ್ರ ಅವಳ ಮುಖ ನೋಡಿದ. ಯಾವ ಮಾತು ಯಾವ ಮಾತಾಯಿತು ಎಂದು ಅವನಿಗೆ ತಕ್ಷಣ ತಿಳಿಯಿತು. ಅವಳಿಗೂ ತಿಳಿಯಿತು. ಸೆರಗಿನ ತುದಿ ಬಾಯಿಗೊತ್ತಿಕೊಂಡು ರಾಗಿ ಮೂಟೆಯ ಮೇಲೆ ಕೂತುಬಿಟ್ಟಳು.

ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್‌ಗಳಿವೆ. ದೇವೇಂದ್ರ ಒಂದನ್ನು ತಂದು ಓಡಿಸಿದ. ಮದುವೆಯ ಫೈಲಿನ ಹೆಸರು ಮರಳಿ ಬಂತು. ತೆರೆದರೆ ಹಸಿರು, ನೇರಳೆ ಚೌಕಗಳು. ನಡುವೆ ಒಂದು ಕ್ಷಣ ಮಗಳು ಹರ್ಷಿತಳ ಹುಟ್ಟುಹಬ್ಬದ ಬಲೂನು. ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಹೆಸರೂ ಬರಲಿಲ್ಲ. ಯಲಹಂಕದ ಅಂಗಡಿಯೊಂದರಲ್ಲಿ ಡಿಸ್ಕನ್ನೇ ಬಿಚ್ಚಿ ಕೊಟ್ಟ. ಅಲ್ಲಿಯ ಹುಡುಗಿ ನೋಡಿ, "ಅಳ್ಸಿದ್ಮೇಲೆ ಆಫ್ ಮಾಡ್ಬಿಟ್ಟಿದ್ರೆ ಏನಾದ್ರೂ ಮಾಡ್ಬೋದಿತ್ತು ಸರ್. ಮೇಲೆ ಪೂರ್ತಿ ಬರೆದ್ಬಿಟ್ಟಿದೆ," ಅಂದಳು. ಮುಂದಿನದು ಶುರು ಮಾಡು ಎಂದು ಫೋನಿನಲ್ಲಿ ಕೂಗಿದವನು ತಾನೇ ಎಂಬುದನ್ನು ಅವನು ಅವಳಿಗೆ ಹೇಳಲಿಲ್ಲ.

ಇನ್ನು ಉಳಿದದ್ದು ಮೂಲ ಕ್ಯಾಸೆಟ್ಟು. ಅದು ದೊಡ್ಡೋರ ಮನೆಯದು, ಇಳಿಸಿಕೊಂಡ ಮೇಲೆ ಅವರಿಗೇ ಮರಳಿಸಿದ್ದ. ಮುಂದಿನ ಭಾನುವಾರ ದೇವೇಂದ್ರ ಬಾಳೆಹಣ್ಣು ಹಿಡಿದುಕೊಂಡು ದೊಡ್ಡಮ್ಮ ಲಕ್ಷ್ಮೀದೇವಮ್ಮನ ಮನೆಗೆ ಹೋದ. ಹಳೆ ಮನೆ ಕೆಡವಿ ಕಟ್ಟಿದ ಹೊಸ ಮನೆ. ಅವನು ಅದರ ಹೊಸ್ತಿಲು ತುಳಿದದ್ದು ಅವತ್ತೇ ಮೊದಲು.

"ಬಾರಪ್ಪ. ದಾರಿ ತಪ್ಪಿ ಬಂದ್ಬಿಟ್ಯೇನೋ?" ಅಂದಳು ಮುದುಕಿ. ಕಾಫಿ ಕೊಟ್ಟಳು. ವಿಷಯ ಹೇಳಿದಾಗ ಆಶ್ಚರ್ಯಪಟ್ಟಳು.

"ಕ್ಯಾಸೆಟ್ಟಾ? ಅದೆಲ್ಲಿ ಐತೆ? ಬೂಸ್ಟು ಹಿಡ್ದಿತ್ತು. ಮನೆ ಕೆಡವುವಾಗ ಎಸೆದ್ವಿ. ನೀನೇ ಹೇಳಿರ್ಲಿಲ್ವೇನೋ, ಕಂಪ್ಯೂಟ್ರಿಗೆ ಹಾಕಿದೀನಿ, ಇನ್ ಕ್ಯಾಸೆಟ್ ಯಾತಕ್ಕೂ ಬ್ಯಾಡ ಅಂತ?"

ಹೇಳಿದ್ದ. ಅವನಿಗೆ ನೆನಪಿತ್ತು.

"ನಿಮ್ಮನೇಲಿ ಐತೆ ಅಂತ ನಾವು ಧೈರ್ಯವಾಗಿದ್ವಪ್ಪ. ಕೇಳಕ್ಕೆ ಮುಖ ಇರ್ಲಿಲ್ಲ, ಅಷ್ಟೇ. ನಮ್ಮ ಯಜಮಾನ್ರು ಓಡಾಡೋದು, ಮಾತಾಡೋದು ಇರೋದು ಅದೊಂದ್ರಲ್ಲೇ." ಅವಳು ಲೋಟ ಎತ್ತಿಕೊಂಡಳು. "ಬಂದಿದ್ದೂ ಒಳ್ಳೇದಾಯ್ತು. ನಮ್ಗೂ ಒಂದು ಪೆನ್‌ಡ್ರೈವಿಗೆ ಹಾಕ್ಕೊಡೋ, ನಿಂಗೆ ಕೈ ಮುಗೀತೀನಿ."

ದೇವೇಂದ್ರ "ಹೂಂ ದೊಡ್ಡಮ್ಮ" ಅಂದ.

ಮನೆಗೆ ಬಂದಾಗ ಚಿಕ್ಕಬೀರಪ್ಪ ಟಿವಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದ. ಆ ವಾರವಿಡೀ ಅವನು ಕೇಳಿದಾಗಲೆಲ್ಲ ಇವರು "ಇನ್ನೂ ಬೀಸ್ತಾ ಐತೆ" ಎಂದು ತಳ್ಳಿದ್ದರು. ಬೆಳಿಗ್ಗೆಯಿಂದ ಅವನಿಗೆ ಬಾಗಿಲ ಚೌಕಟ್ಟು ಕಂಡಿರಲಿಲ್ಲ. ತಡವರಿಸಿಕೊಂಡು ಬಂದಿದ್ದ. "ಇವತ್ತು ಹಾಕ್ಬಿಡಪ್ಪ. ಎಷ್ಟಾಗೈತೋ ಅಷ್ಟೇ ಹಾಕು," ಅಂದ.

ದೇವೇಂದ್ರ 'ಟಿವಿ' ಫೋಲ್ಡರಿನ ಚಿಕ್ಕ ಫೈಲನ್ನೇ ಹಾಕಿದ. ಎಷ್ಟು ಚೆನ್ನಾಗಿ ಓಡಿತು! ವಾದ್ಯದವರ ಕೆನ್ನೆ ಉಬ್ಬಿದ್ದೂ ಸ್ಪಷ್ಟವಾಗಿತ್ತು. ದೊಡ್ಡಬೀರಪ್ಪ ಹೊಸ ಪೇಟ ಸುತ್ತಿಕೊಂಡು ಒಂದು ಸಲ ಅಡ್ಡ ಹಾದುಹೋದ. ಚಿಕ್ಕಬೀರಪ್ಪನ ಕತ್ತು ಅವನ ಹಿಂದೆಯೇ ಹೋಯಿತು. ಆಮೇಲೆ ಹಸಿರು ಸೀರೆ, ಕನಕಾಂಬರ, ಆರತಿ ತಟ್ಟೆ. ಚಕ್ರ ಬರಲಿಲ್ಲ. ಅವಳ ಭುಜ ಇಷ್ಟೇ ಇಷ್ಟು ಅಲುಗಿತು. ಪರದೆ ಕಪ್ಪಾಯಿತು. ಫೈಲು ಇದ್ದದ್ದು ಅಷ್ಟೇ.

"ತಿರುಗ್ತಾಳೆ, ತಾಳು," ಅಂದ ಚಿಕ್ಕಬೀರಪ್ಪ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾಮಲಾಗೆ ಇನ್ನು ತಡೆಯಲಾಗಲಿಲ್ಲ. "ಇಲ್ಲ ಮಾವ. ಮುಂದಕ್ಕಿಲ್ಲ ಅದು. ನಾನು ಅಳ್ಸಾಕ್ಬಿಟ್ಟೆ. ಇವ್ರು ದೊಡ್ಡ ಫೈಲು ಅಂದ್ರೆ ನಾನು... ದೊಡ್ಡೋರ್ದು ಅನ್ಕೊಂಡೆ ಮಾವ."

ಚಿಕ್ಕಬೀರಪ್ಪ ತಲೆಯೆತ್ತಲಿಲ್ಲ. "ದೊಡ್ಡೋರ್ದು," ಎಂದು ಒಂದು ಸಲ ಅಂದ. ಈ ಸಲ ಮೂಗಿನಲ್ಲಿ ಅನ್ನಲಿಲ್ಲ.

"ಅಳ್ಬೇಡಮ್ಮ," ಅಂದ ಆಮೇಲೆ. ಮಗನ ಕಡೆ ಕೈ ಚಾಚಿದ. ಕೈ ಹೋದದ್ದು ಮಗನಿಲ್ಲದ ಕಡೆಗೆ. "ಇನ್ನೊಂದ್ಸಲ ಹಾಕು. ಕಪ್ಪಾಗೋಕೆ ಮುಂಚೆ ನಿಲ್ಸು."

ದೇವೇಂದ್ರ ಹಾಗೆಯೇ ಮಾಡಿದ. ಅಲುಗಿದ ಭುಜದ ಮೇಲೆ ಚಿತ್ರ ನಿಂತಿತು. ಮುದುಕ ಮೊಣಕಾಲಿನ ಮೇಲೆ ಕೈಯೂರಿ, ಇದ್ದ ಅಷ್ಟು ನೋಟವನ್ನು ಆ ಹಸಿರಿಗೆ ಹಿಡಿದು ಕೂತ. ಊರ ಮೇಲೆ ಒಂದು ವಿಮಾನ ಇಳಿದುಹೋಯಿತು.

ನಿಲ್ಲಿಸಿದ ಚಿತ್ರವನ್ನು ಯಾವ ಟಿವಿಯೂ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಮೊದಲು ಮಂಕಾಯಿತು. ಆಮೇಲೆ ತಾನಾಗಿಯೇ ಆರಿಹೋಯಿತು. ದೇವೇಂದ್ರ ರಿಮೋಟ್ ಕೈಗೆತ್ತಿಕೊಂಡು ಅಪ್ಪನ ಕಡೆ ನೋಡಿದ.

ಚಿಕ್ಕಬೀರಪ್ಪ ಇನ್ನೂ ನೋಡುತ್ತಲೇ ಇದ್ದ.

"ಆ ಸೀರೆ ನಾನೇ ತಂದಿದ್ದು," ಅಂದ.