ಮರಳಿಗಿಳಿಯುವ ಮುನ್ನ ಸುದ್ದಿ ಕೊಡಿ

ಮರಳುಗಾಡಿನ ಅಂಚಿನ ನಮ್ಮ ಬಿದಿಯಾ ಕಡೆ ವರ್ಷಕ್ಕೆ ಒಬ್ಬರಾದರೂ ಮರಳಲ್ಲಿ ಗಾಡಿ ಹೂತು ಊರನ್ನೆಲ್ಲ ಹುಡುಕಾಟಕ್ಕೆ ಹಚ್ಚುತ್ತಾರೆ. ಹೊಸಬರೆಂದರೆ ಸರಿ, ಎಷ್ಟೋ ಸಲ ನಮ್ಮ ಸುಹೈಲನಂಥ ಪಳಗಿದ ಕೈಗಳೇ! ಟೈರಿನ ಗಾಳಿ ಎಷ್ಟು ಇಳಿಸಬೇಕು, ದಿಬ್ಬ ಹೇಗೆ ಹತ್ತಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಅವನ ಜಂಬ.

ಆವತ್ತು ಹೆಂಡತಿ ಮೋಝಾಳನ್ನು ಕೂರಿಸಿಕೊಂಡು ಮರಳಿನ ದಾರಿಯಲ್ಲೇ ಕಡಲ ತೀರದ ಅಶ್ಖರಾಗೆ ಹೊರಟಿದ್ದ. ನರ್ಸ್ ಕೆಲಸದ ಸೊಸೆ ಥುರಯಾ ಗಾಡಿಗೆ ಅಡ್ಡ ನಿಂತಳು.

“ಮಾವ, ಯಾವ ದಾರೀಲಿ ಹೋಗ್ತೀರಾ? ಎಷ್ಟೊತ್ತಿಗೆ ಮುಟ್ತೀರಾ?”

“ಯಾಕಮ್ಮಾ, ನಾನೇನು ಸ್ಕೂಲಿಗೆ ಹೋಗೋ ಮಗುವಾ? ಈ ಮರಳಲ್ಲೇ ಹುಟ್ಟಿದೋನು!”

“ನಿಮ್ಮಪ್ಪಾನೂ ಇಲ್ಲೇ ಹುಟ್ಟಿದ್ರಲ್ಲಾ. ಆದ್ರೂ ಬಾವಿ ಹತ್ರ ಸಿಕ್ಕೋರಿಗೆಲ್ಲ ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ಸುದ್ದಿ ಕೊಟ್ಟೇ ಒಂಟೆ ಎಬ್ಬಿಸ್ತಿದ್ರಂತೆ. ಅವರಿಗೆ ದಾರಿ ಗೊತ್ತಿರ್ಲಿಲ್ವಾ?”

ಸುಹೈಲ ಗಡ್ಡ ಕೆರೆದುಕೊಂಡ. “ಬಾವಿಕಟ್ಟೆ ಈಗ ನಮ್ಮನೆ ಬಾಗಿಲಿಗೇ ಬಂತು! ದಿಬ್ಬಗಳ ನಡುವಿನ ಮೂರನೇ ಕಣಿವೆ ಹಿಡೀತೀವಿ. ಮಧ್ಯಾಹ್ನದ ನಮಾಜಿಗೆ ಅಲ್ಲಿರ್ತೀವಿ. ಸಾಕಾ?”

“ಸಾಕು. ಮುಟ್ಟಿ ಫೋನ್ ಮಾಡಿ, ಇಲ್ದಿದ್ರೆ ನಿಮ್ಮ ಮಗನ್ನ ಕಳಿಸ್ತೀನಿ. ಗಾಡಿ ಕೆಟ್ರೆ ಬಿಟ್ಟು ನಡೀಬೇಡಿ. ದೂರದಿಂದ ಗಾಡಿ ಕಾಣುತ್ತೆ, ಮನುಷ್ಯ ಕಾಣಲ್ಲ.” ಇನ್ನೆರಡು ಕ್ಯಾನ್ ನೀರನ್ನೂ ಗಾಡಿಯ ಹಿಂಬದಿಗಿಟ್ಟಳು.

ಅರ್ಧ ದಾರಿಯಲ್ಲಿ ಮುಂದಿನ ಆ್ಯಕ್ಸಲ್ ಮುರಿಯಿತು. ಫೋನಿಗೆ ಸಿಗ್ನಲ್ ಇಲ್ಲ.

“ನಾಲ್ಕು ದಿಬ್ಬ ದಾಟಿದ್ರೆ ರಸ್ತೆ. ಹೋಗಿ ಬಂದ್ಬಿಡ್ತೀನಿ,” ಎಂದು ಸುಹೈಲ ತಲೆಗೆ ಬಟ್ಟೆ ಸುತ್ತಿದ.

ಮೋಝಾ ಅವನ ತೋಳು ಹಿಡಿದಳು. “ಆಮೇಲೆ ನನ್ನನ್ನ ಒಂದು ಕಡೆ, ನಿಮ್ಮನ್ನ ಒಂದು ಕಡೆ ಹುಡುಕ್ಬೇಕಾ? ಸುಮ್ನೆ ಕೂತ್ಕೊಳ್ಳಿ!”

ಮರಳು ಕಾದು ಕೆಂಡವಾಗಿತ್ತು. ಗಾಡಿಯ ನೆರಳಲ್ಲಿ ನೀರು ಕುಡಿಯುತ್ತಾ ಕುಳಿತರು. ಆ ಮರಳನ್ನು ಕಂಡು ಸುಹೈಲನಿಗೆ ಜೀವನದಲ್ಲಿ ಮೊದಲ ಸಲ ಭಯವಾಯಿತು.

ಹೊತ್ತಾದರೂ ಫೋನ್ ಬರದಿದ್ದಾಗ ಥುರಯಾ ತಡಮಾಡಲಿಲ್ಲ. ಅವಳ ಗಂಡ ಹಮೂದ್ ನೆಂಟರನ್ನು ಕರೆದುಕೊಂಡು ಎರಡು ಗಾಡಿಗಳಲ್ಲಿ ನೇರ ಮೂರನೇ ಕಣಿವೆಗೇ ಬಂದ. ಹೊತ್ತು ಮುಳುಗುವ ಮೊದಲೇ ಇಬ್ಬರೂ ಸಿಕ್ಕರು.

“ಅಪ್ಪಾ, ಎಲ್ಲಿ ನಡ್ಕೊಂಡು ಹೋಗ್ಬಿಟ್ರೋ ಅಂತ ಜೀವವೇ ಹೋಗಿತ್ತು!”

“ಹೊರಟಿದ್ದೆ ಕಣೋ. ನಿಮ್ಮಮ್ಮ ಬಿಡ್ಲಿಲ್ಲ,” ಎಂದವನ ಕಣ್ಣು ತುಂಬಿತು.

ಈಗ ನೆರೆಮನೆಯವರು ಗಾಡಿ ಹತ್ತಿದರೂ ಸುಹೈಲ ಕಿಟಕಿಗೆ ಕೈಯಿಟ್ಟು ದಾರಿ ಕೇಳುತ್ತಾನೆ. ಒಳ್ಳೆ ಕಾಟ ಇವನದು ಎಂದು ಬೈಯುತ್ತಾರೆ, ಆದರೆ ಹೇಳಿಯೇ ಹೋಗುತ್ತಾರೆ.

ನೀವೂ ಹೇಳಿ ಹೋಗಿ. ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದು ಮನೆಯಲ್ಲಿ ಒಬ್ಬರಿಗೆ ತಿಳಿದಿರಲಿ. ನೀರು ಬೇಕಾದ್ದಕ್ಕಿಂತ ಹೆಚ್ಚೇ ಇರಲಿ. ಗಾಡಿ ಕೆಟ್ಟರೆ ಅದರ ಪಕ್ಕದಲ್ಲೇ ಇರಿ. ನೀವು ಹೊತ್ತಿಗೆ ಮುಟ್ಟದಿದ್ದರೆ ಹುಡುಕಿ ಹೊರಡುವವರು ಯಾರು, ಅವರ ಹೆಸರು ಹೇಳಿ ನೋಡೋಣ? ಹೆಸರು ಹೊಳೆಯದಿದ್ದರೆ, ದಯವಿಟ್ಟು ಗಾಡಿಯಿಂದ ಕೆಳಗಿಳಿಯಿರಿ.