ಆಡದ ತಂಡದ ರೆಫರಿ

ಕೋರಮಂಡಲ್, ಆಂಡರ್ಸನ್‌ಪೇಟೆ, ಬಂಗಾರಪೇಟೆ, ಈ ಮೂರು ಫುಟ್‌ಬಾಲ್ ಕ್ಲಬ್ಬುಗಳ ಲೀಗಿಗೆ ಹೊರಗಿನಿಂದ ರೆಫರಿ ಕರೆಸುವ ಶಕ್ತಿ ಇರಲಿಲ್ಲ. ಹಾಗಾಗಿ ಕಮಿಟಿ ತಾನೇ ಒಂದು ಪದ್ಧತಿ ಮಾಡಿಕೊಂಡಿತ್ತು: ಆ ದಿನ ಆಟವಿಲ್ಲದ ಕ್ಲಬ್ಬು ರೆಫರಿಯನ್ನು ಕೊಡಬೇಕು. ಲೀಗಿನ ಕೊನೆಯ ಪಂದ್ಯ ಕೋರಮಂಡಲ್‌ಗೂ ಬಂಗಾರಪೇಟೆಗೂ. ಆಂಡರ್ಸನ್‌ಪೇಟೆಯಿಂದ ಸುಮಿತಾ ಬಂದಳು.

ಅವಳಿಗೆ ಬರಲು ಮನಸ್ಸಿರಲಿಲ್ಲ. ಬಂಗಾರಪೇಟೆ ಸೋತರೆ ಜಿಲ್ಲಾ ಟೂರ್ನಿಗೆ ಹೋಗುವುದು ಆಂಡರ್ಸನ್‌ಪೇಟೆ. ಅದರ ಕ್ಯಾಪ್ಟನ್ ಅವಳ ತಮ್ಮ ನವನೀತ್. ಡ್ರಾ ಆದರೆ ಬಂಗಾರಪೇಟೆಯೇ ಹೋಗುತ್ತದೆ. ಬೇರೆ ಯಾರನ್ನಾದರೂ ಹಾಕಿ ಎಂದು ಅವಳು ಕಮಿಟಿ ಅಧ್ಯಕ್ಷ ಮುನೀಂದ್ರ ಅವರನ್ನು ಕೇಳಿಕೊಂಡಿದ್ದಳು. ನಿನ್ನ ಮೇಲೆ ಎಲ್ಲರಿಗೂ ನಂಬಿಕೆ ಇದೆಯಮ್ಮ ಎಂದಿದ್ದರು ಅವರು. ಆ ಮಾತೇ ಅವಳ ನಿದ್ದೆ ಕೆಡಿಸಿತ್ತು.

ಎಲ್ಲರಿಗೂ ಇರಲಿಲ್ಲ. ಬಂಗಾರಪೇಟೆಯ ಕಾರ್ಯದರ್ಶಿ ಕೋದಂಡಪ್ಪ ಗೆರೆಯಾಚೆ ನಿಂತು, ಅವಳಿಗೆ ಕೇಳಲೆಂದೇ ಪಕ್ಕದವನಿಗೆ ಹೇಳಿದ: "ಅಕ್ಕ ಸೀಟಿ ಊದ್ತಾಳೆ, ತಮ್ಮ ಗೆಲ್ತಾನೆ ಕಣ್ಲಾ. ನಾವ್ ಸುಮ್ಕೆ ರೈಲತ್ತಿ ಬಂದ್ವಿ."

ಸುತ್ತಲಿದ್ದವರು ನಕ್ಕರು. ಆಮೇಲೆ ಪ್ರತಿ ಸಲ ಸೀಟಿ ಊದುವಾಗಲೂ ಸುಮಿತಾ ಆಟಗಾರರನ್ನಲ್ಲ, ಗೆರೆಯಾಚೆಯ ಮುಖಗಳನ್ನು ನೋಡಿದಳು.

ಆಟ ಮುಗಿಯುತ್ತಾ ಬಂದರೂ ಯಾರಿಗೂ ಗೋಲಿಲ್ಲ. ಆಗ ಕೋರಮಂಡಲ್ ಕ್ಯಾಪ್ಟನ್ ಆರುಮುಗಂ ಒದ್ದ ಚೆಂಡು ಗೋಲಿನತ್ತ ಹಾರಿತು. ಬಂಗಾರಪೇಟೆಯ ಡಿಫೆಂಡರ್ ಕೈ ಚಾಚಿದ. ಚೆಂಡು ಬೆರಳಿಗೆ ಬಡಿದು ದಿಕ್ಕು ತಪ್ಪಿದ್ದು ಅವಳ ಕಣ್ಣೆದುರೇ. ಪೆನಾಲ್ಟಿ, ಅನುಮಾನವೇ ಇಲ್ಲ. ಸೀಟಿ ತುಟಿಗೆ ಬಂತು. ಊದಿದರೆ ಗೆಲ್ಲುವುದು ತಮ್ಮ ಎಂಬುದು ಅದಕ್ಕಿಂತ ಮೊದಲೇ ತಲೆಗೆ ಬಂದಿತ್ತು. ಆಟ ನಡೆಯಲಿ ಎಂದು ಅವಳು ಕೈ ಬೀಸಿಬಿಟ್ಟಳು. ಪಂದ್ಯ ಗೋಲಿಲ್ಲದೆ ಡ್ರಾ ಆಯಿತು.

ತಕರಾರುಗಳನ್ನು ಯಾರೂ ಮೈದಾನ ಬಿಡುವ ಮೊದಲೇ ಕೇಳುವುದು ಲೀಗಿನ ಕ್ರಮ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಮಿಟಿ ಕೂತಿತು. ಕೋದಂಡಪ್ಪ ತಾನೇ ಸೋಡಾ ತಂದು ಅವಳ ಕೈಗಿಟ್ಟು, ತಪ್ಪು ತಿಳಿದಿದ್ದೆ ತಾಯಿ, ಸ್ವಂತ ತಮ್ಮನ ಮುಖವನ್ನೂ ನೋಡಲಿಲ್ಲವಲ್ಲ ಎಂದು ಹೊಗಳಿದ. ಮುನೀಂದ್ರ ಹೆಮ್ಮೆಯಿಂದ ತಲೆಯಾಡಿಸಿದರು. ಅವಳು ಸೋಡಾವನ್ನು ಕುಡಿಯದೆ ಪಕ್ಕದಲ್ಲಿ ನೆಲಕ್ಕಿಟ್ಟಳು.

ಆರುಮುಗಂ ಮುಂದೆ ಬಂದ. ಕೂಗಾಡಲಿಲ್ಲ.

"ಅಕ್ಕಾ, ಕೈ ತಗುಲಿದ್ದು ನಾನ್ ನೋಡ್ದೆ. ನೀವ್ ನೋಡ್ನಿಲ್ಲ ಅಂದ್ರೆ ಸರಿ, ಒಂಟೋಗ್ತೀನಿ."

ಒಂದು ಮಾತು ಸಾಕಿತ್ತು. ನೋಡಲಿಲ್ಲ ಎಂದರೆ ನಂಬಿಕೆ ಉಳಿಯುತ್ತದೆ, ಮುಂದಿನ ವರ್ಷವೂ ಇವರೇ ಕರೆಯುತ್ತಾರೆ. ಆದರೆ ಅವನು ನಂಬಲು ಸಿದ್ಧನಾಗಿಯೇ ನಿಂತಿದ್ದ.

"ನೋಡ್ದೆ," ಎಂದಳು. "ಊದ್ಲಿಲ್ಲ."

ಕೋದಂಡಪ್ಪ ಮುಖ ತಿರುಗಿಸಿದ. ಮುಗಿದ ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ, ಆದರೆ ನೀನು ಇನ್ನು ಲೀಗಿನಲ್ಲಿ ರೆಫರಿಯಾಗಿ ನಿಲ್ಲುವಂತಿಲ್ಲ ಎಂದು ಮುನೀಂದ್ರ ನೆಲ ನೋಡುತ್ತಾ ಹೇಳಿದರು. ಪಂದ್ಯ ನೋಡಲು ಬಂದಿದ್ದ ನವನೀತ್ ಅವಳಿಗಾಗಿ ಕಾಯದೆ ರಸ್ತೆಯ ಕಡೆ ನಡೆದ.

ಆರುಮುಗಂ ಮಾತ್ರ ಹೋಗಲಿಲ್ಲ.

"ಯಾಕಕ್ಕಾ?"

"ಊದಿದ್ರೆ ನಮ್ಮೋರು ಗೆಲ್ತಿದ್ರು. ಜನ ಏನಂತಾರೋ ಅಂತ ಭಯ ಆಯ್ತು."

ಅವನು ಬಂಗಾರಪೇಟೆಯವರ ಕಡೆ ಒಮ್ಮೆ ತಿರುಗಿ ನೋಡಿದ.

"ಮುಂದಿನ್ ತಿಂಗ್ಳು ಕಪ್ ಮ್ಯಾಚು. ನಿಮ್ಮೋರ್ಗೂ ಬಂಗಾರಪೇಟೆಯೋರ್ಗೂ. ಊದೋನು ನಾನು. ಅವ್ರ್ ಮೇಲೆ ಊದಿದ್ರೆ ಜನ ಸೇಡು ಅಂತಾರೆ."

ಕೋಪದಿಂದ ಹೇಳಿದನೋ, ಹೆದರಿ ಹೇಳಿದನೋ ಸುಮಿತಾಗೆ ತಿಳಿಯಲಿಲ್ಲ. ಏನಾದರೂ ಹೇಳಿಯಾಳೆಂದು ಅವನು ಇನ್ನೂ ಕಾಯುತ್ತಿದ್ದ.