ವ್ರತವೋ ಹಸಿವೋ, ಕೇಳಿ ನೋಡಿ

ಹೊನ್ನೂರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ನಿನ್ನೆಯಿಂದ ಒಬ್ಬ ಮುದುಕ ಮಲಗಿದ್ದ. ಕಾವಿ ಪಂಚೆ, ಹಣೆಗೆ ವಿಭೂತಿ. ಮಾದಪ್ಪನ ಬೆಟ್ಟಕ್ಕೆ ಜನ ಕಾಲ್ನಡಿಗೆಯಲ್ಲಿ ಹೊರಡುವ ದಿನಗಳು. ಇವನೂ ಯಾತ್ರೆಗೆ ಹೊರಟವನೇ ಎಂದುಕೊಂಡು ಊರಿನವರು ಸದ್ದು ಮಾಡದೆ ಪಕ್ಕಕ್ಕೆ ಸರಿದು ಬಸ್ ಹತ್ತುತ್ತಿದ್ದರು.

ಎದುರು ಮನೆಯ ಮಾಲಿನಿಗೆ ಮಾತ್ರ ಯಾಕೋ ಸಮಾಧಾನವಾಗಲಿಲ್ಲ. ಕೊಳ್ಳೇಗಾಲದಲ್ಲಿ ಸಂಘ ಕಟ್ಟಿ ಮನೆಯಿಲ್ಲದವರಿಗೆ ಊಟ ಹಾಕುವ ಚೆಲುವಮ್ಮನಿಗೆ ಫೋನ್ ಮಾಡಿದಳು. ಚೆಲುವಮ್ಮ ಗಂಜಿ ಪಾತ್ರೆ ಹಿಡಿದು ಆಟೋದಿಂದ ಇಳಿಯುವ ಹೊತ್ತಿಗೆ ಮಾಲಿನಿಯ ಮಾವ ಗುರುಪಾದಸ್ವಾಮಿ ಕಟ್ಟೆಗೆ ಅಡ್ಡ ನಿಂತಿದ್ದರು.

"ಎಬ್ಬಿಸ್ಬ್ಯಾಡ ಕಣವ್ವ. ಅರಕೆ ಒತ್ತು ಹೊಂಟವ್ನೆ. ನಿನ್ನೆ ಬಾಳೆಅಣ್ಣು ಮಡಗ್ದೆ, ಮುಟ್ನಿಲ್ಲ. ಉಪಾಸ ಅವ್ನೆ. ಅದ ಕೆಡ್ಸಿದ್ ಪಾಪ ಯಾರ್ಗೆ?"

"ಉಪಾಸ್ವಾ ಅಂತ ನೀವು ಕೇಳುದ್ರಾ ಯಜಮಾನ್ರೇ?"

"ಕೇಳ್ಬೇಕಾ? ನೋಡುದ್ರೆ ಗೊತ್ತಾಗಕಿಲ್ವಾ? ನಿಂಗೆ ಕಂಡೋರ್ಗೆಲ್ಲ ಉಣ್ಣಿಕ್ಕೋ ಚಟ!"

ಚೆಲುವಮ್ಮನಿಗೆ ಕೋಪ ಬರಲಿಲ್ಲ. ಗಂಜಿ ಪಾತ್ರೆ ಕೆಳಗಿಟ್ಟಳು.

"ನಮ್ಮಪ್ಪನ್ನೂ ಎಲ್ರೂ ಇಂಗೇ ನೋಡೇ ತಿಳ್ಕಂಡ್ರು" ಎಂದಳು.

ಮಾಂಬಳ್ಳಿಯ ಶಿವನಂಜಯ್ಯ ಅವಳ ಅಪ್ಪ. ವಯಸ್ಸಾದ ಮೇಲೆ ಮರೆವು ಹಿಡಿದಿತ್ತು. ಒಂದು ಮಧ್ಯಾಹ್ನ ಮನೆಯವರ ಕಣ್ಣು ತಪ್ಪಿಸಿ ಹೊರಟವರು, ಯಾತ್ರೆಯ ಗುಂಪಿನ ಹಿಂದೆ ನಡೆದು, ಹನೂರಿನ ದಾರಿಯಲ್ಲಿ ಬಾಗಿಲು ಮುಚ್ಚಿದ ಅಂಗಡಿಯೊಂದರ ಜಗುಲಿಯ ಮೇಲೆ ಬಿದ್ದುಕೊಂಡರು. ಹಸಿವಾಗಿದೆ ಎಂದು ಹೇಳುವುದೂ ಮರೆತುಹೋಗಿತ್ತು. ಮನೆಯವರು ಊರೂರು ಹುಡುಕುತ್ತಿದ್ದರು. ದಾರಿಹೋಕರು ಕೈ ಮುಗಿದು ಮುಂದೆ ಹೋಗುತ್ತಿದ್ದರು.

"ನಾವು ಓಗೋ ಒತ್ಗೆ ಜೀವ ಇರ್ನಿಲ್ಲ. ಪಾದದ ಮ್ಯಾಲೆ ಯಾರೋ ಹೂ ಇಟ್ಟಿದ್ರು ಯಜಮಾನ್ರೇ. ಒಟ್ಟೇಲಿ ಒಂದಗ್ಳು ಇಲ್ಲ ಅಂದ್ರು ಡಾಕ್ಟ್ರು. ಅವತ್ತಿಂದ ಯಾರಾದ್ರೂ ಇಂಗೆ ಮಲ್ಗಿರೋದ ಕಂಡ್ರೆ ದಾಟ್ಕಂಡ್ ಓಗಕ್ಕೆ ನನ್ ಕಾಲೇ ಏಳಕಿಲ್ಲ. ಚಟ ಅಂತ್ಲೇ ಅನ್ನಿ."

ಗುರುಪಾದಸ್ವಾಮಿ ಪಕ್ಕಕ್ಕೆ ಸರಿದರು.

ಚೆಲುವಮ್ಮ ಬಗ್ಗಿ ಮುದುಕನ ಭುಜ ಅಲುಗಿಸಿದಳು. "ತಾತಾ, ನಿನ್ ಎಸ್ರೇನು?" ಕಣ್ಣು ಅರ್ಧ ತೆರೆದವು. ಒಣಗಿ ಅಂಟಿದ ತುಟಿ ಬಿಡಲಿಲ್ಲ. ಮಾಲಿನಿ ಗಾಬರಿಯಿಂದ ಲೋಟಕ್ಕೆ ಗಂಜಿ ಬಗ್ಗಿಸಿದಳು.

"ಬ್ಯಾಡ ಮಾಲಿನಿ. ಗ್ಯಾನ ಇಲ್ದೋರ್ ಬಾಯ್ಗೆ ಉಯ್ದ್ರೆ ಉಸ್ರು ಕಟ್ಕತದೆ. ಎದ್ದು ಕೂತು ನುಂಗಕ್ಕಾಗೋರ್ಗೆ ಗಂಜಿ, ಅದೂ ಚೂರ್ಚೂರೇ. ನೂರೆಂಟಕ್ಕೆ ಫೋನ್ ಮಾಡು, ನಾನು ಮಗ್ಗುಲ್ಗೆ ತಿರುಗಿಸ್ತೀನಿ."

ಆಂಬುಲೆನ್ಸ್ ಬಂತು. ಗುರುಪಾದಸ್ವಾಮಿ ಟವೆಲ್ ಹೆಗಲಿಗೆ ಹಾಕಿಕೊಂಡರು. "ನಾನೂ ಬತ್ತೀನಿ."

"ನಿಮ್ಗೆ ಬಿಪಿ ಮಾವ..."

"ಸುಮ್ಕಿರವ್ವ. ಪೊಲೀಸ್ನೋರ್ಗೂ ಯೋಳ್ಬೇಕು. ಇವ್ನ ಮಕ್ಳು ಎಲ್ಲೆಲ್ಲಿ ಉಡುಕ್ತಾ ಅವ್ರೋ."

ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ನೋಡಿ, "ಉಳೀತಾರೆ ಅಂತ ಈಗ್ಲೇ ಹೇಳೋಕಾಗಲ್ಲ. ನಿನ್ನೆ ತಂದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಗುರುಪಾದಸ್ವಾಮಿ ಗೋಡೆಗೆ ಒರಗಿದರು. "ನಿನ್ನೆ ಇಡೀ ದಿನ ನಾನು ಎದ್ರುಗೇ ಇದ್ನಲ್ಲವ್ವ ಚೆಲುವಮ್ಮ."

ಚೆಲುವಮ್ಮ ಅವರ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ದಾರಿಯಲ್ಲಿ ಸಿಕ್ಕ ಗುರುತಿನವರನ್ನೆಲ್ಲ "ಊಟ ಆಯ್ತಾ" ಎಂದು ಕೇಳುವವರು ನಾವು. ಜಗುಲಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಲಗಿರುವವರನ್ನೂ ಕೇಳಿ. ಕುಡಿದು ಬಿದ್ದಿದ್ದಾರೆ, ವ್ರತದಲ್ಲಿದ್ದಾರೆ ಎಂದು ನೀವೇ ತೀರ್ಮಾನ ಮಾಡಬೇಡಿ. ವ್ರತದವರಾದರೆ ವ್ರತ ಎಂದು ಹೇಳುತ್ತಾರೆ, ಕೇಳಿದ್ದಕ್ಕೆ ಪಾಪವೇನೂ ಬರುವುದಿಲ್ಲ. ಮಾತೇ ಬರದಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಇವತ್ತೇ ಕೇಳಿ. ನಾಳೆ ಕೇಳಿದರೆ ಉತ್ತರ ಕೊಡಲು ಅವರು ಇರದೆ ಹೋಗಬಹುದು.